ಬಾಗಿದ ಗೋಡೆಗೆ ಮರದ ಸ್ಕರ್ಟಿಂಗ್: ದೋಷದ ಮೂಲ ಗುರುತಿಸಿ ಸರಿಪಡಿಸುವ ಕೈಪಿಡಿ

ಬಾಗಿದ ಗೋಡೆಯ ಬುಡಕ್ಕೆ ಮರದ ಸ್ಕರ್ಟಿಂಗ್ ಪಟ್ಟಿಯನ್ನು ಕೂರಿಸುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ. ಮೊಳೆ, ಸ್ಕ್ರೂ ಮತ್ತು ಅಂಟು ಇರುವುದು ಗೋಡೆಯ ಆಕಾರಕ್ಕೆ ಆಗಲೇ ಹೊಂದಿಕೊಂಡಿರುವ ಪಟ್ಟಿಯನ್ನು ಹಿಡಿದಿಡುವುದಕ್ಕೆ. ನೇರವಾದ ಪಟ್ಟಿಯನ್ನು ಬಗ್ಗಿಸುವ ಕೆಲಸವನ್ನೂ ಅವುಗಳಿಗೇ ವಹಿಸಿದಾಗ ಸಂದು, ಬಿರುಕು, ಮೇಲೆದ್ದ ತುದಿ, ಬಾಯಿಬಿಟ್ಟ ಜೋಡಣೆ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಆದ್ದರಿಂದ ತೊಂದರೆ ಕಂಡ ಕೂಡಲೇ ಇನ್ನೊಂದು ಮೊಳೆ ಹೊಡೆಯುವ ಬದಲು, ದೋಷ ಯಾವ ಜಾಗದಲ್ಲಿ ಕಾಣಿಸಿದೆ ಎಂಬುದನ್ನು ಮೊದಲು ಗಮನಿಸಬೇಕು. ಕಾರಣ ಏನೆಂದು ಆ ಜಾಗವೇ ಬಹುಪಾಲು ತಿಳಿಸುತ್ತದೆ.

ಈ ಬರಹದಲ್ಲಿ ಕೋಣೆಯ ಕಡೆಗೆ ಉಬ್ಬಿರುವ ಗೋಡೆಯನ್ನು ಉಬ್ಬು ಗೋಡೆ ಎಂದೂ ಕೋಣೆಯಿಂದ ಹಿಂದಕ್ಕೆ ಬಾಗಿರುವುದನ್ನು ತಗ್ಗು ಗೋಡೆ ಎಂದೂ ಕರೆಯಲಾಗಿದೆ. ಒಂದೇ ಲಕ್ಷಣಕ್ಕೆ ಈ ಎರಡು ಗೋಡೆಗಳಲ್ಲಿ ಬೇರೆ ಬೇರೆ ಅರ್ಥವಿರುವುದರಿಂದ ಈ ಭೇದವನ್ನು ಕೊನೆಯವರೆಗೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕೈಹಾಕುವ ಮೊದಲು

ಗೋಡೆಯ ಬುಡದಲ್ಲಿ ವಿದ್ಯುತ್ ತಂತಿ, ನೀರಿನ ಕೊಳವೆ ಅಥವಾ ಕೋಣೆ ಬಿಸಿಮಾಡುವ ವ್ಯವಸ್ಥೆಯ ಕೊಳವೆ ಹಾದುಹೋಗಿರುವುದು ಸಾಮಾನ್ಯ. ರಂಧ್ರ ಕೊರೆಯುವ ಮೊದಲು ಪತ್ತೆಯಂತ್ರದಿಂದ ಗೋಡೆಯನ್ನು ಪರೀಕ್ಷಿಸಿ, ಆ ಭಾಗದ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ. ಕಾಂಕ್ರೀಟ್ ಅಥವಾ ಇಟ್ಟಿಗೆ ಕೊರೆಯುವಾಗ ಏಳುವ ಸಿಲಿಕಾ ದೂಳೂ ಎಂಡಿಎಫ್ ಹಲಗೆ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಕೊಯ್ಯುವಾಗ ಏಳುವ ಸಣ್ಣ ದೂಳೂ ಶ್ವಾಸಕೋಶಕ್ಕೆ ಹಾನಿಕರ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸು ಬೇಕು. ಹಳೆಯ ಕಟ್ಟಡದಲ್ಲಿ ಬಣ್ಣದ ಪದರಗಳಲ್ಲಿ ಸೀಸ ಇರುವ ಸಂಭವವಿದ್ದರೆ ಪರೀಕ್ಷೆಯಾಗುವವರೆಗೂ ಉಜ್ಜುವ ಕೆಲಸವನ್ನು ಆರಂಭಿಸಬಾರದು.

ಬಗ್ಗಿಸಿ ಹಿಡಿದಿರುವ ಪಟ್ಟಿ ಅಪಾಯಕಾರಿ. ಅದು ಕೈಜಾರಿದರೆ ಅಥವಾ ಮುರಿದರೆ ತುದಿ ಮುಖದೆತ್ತರಕ್ಕೆ ಚಿಮ್ಮುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ, ಎರಡು ಮೀಟರಿಗಿಂತ ಉದ್ದದ ಪಟ್ಟಿಗೆ ಇನ್ನೊಬ್ಬರ ನೆರವು ಪಡೆದು, ಪಟ್ಟಿ ಚಿಮ್ಮಬಹುದಾದ ದಿಕ್ಕಿನಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಅಳೆಯಬೇಕಾದದ್ದು: ತ್ರಿಜ್ಯ

ಖರ್ಚಿಲ್ಲದ ಈ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತಗ್ಗು ಗೋಡೆಯಾದರೆ ಗೊತ್ತಾದ ಉದ್ದದ ನೇರ ಪಟ್ಟಿಯ ಎರಡೂ ತುದಿಗಳನ್ನು ಗೋಡೆಗೆ ತಾಗಿಸಿ ನಡುವಿನ ಸಂದನ್ನು ಅಳೆಯಿರಿ. ಉಬ್ಬು ಗೋಡೆಯಾದರೆ ಪಟ್ಟಿಯ ನಡುಭಾಗವನ್ನು ತಾಗಿಸಿ, ಎರಡೂ ತುದಿಗಳ ಸಂದು ಸಮನಾಗುವಂತೆ ಹಿಡಿದು ಆ ಸಂದನ್ನು ಅಳೆಯಿರಿ. ಉದ್ದದ ವರ್ಗವನ್ನು ಸಂದಿನ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಸಂದಿನ ಅರ್ಧವನ್ನು ಕೂಡಿಸಿದರೆ ತ್ರಿಜ್ಯ ಸಿಗುತ್ತದೆ. ಉದಾಹರಣೆಗೆ ಪಟ್ಟಿಯ ಉದ್ದ 1200 ಮಿ.ಮೀ., ಸಂದು 80 ಮಿ.ಮೀ. ಆದರೆ ತ್ರಿಜ್ಯ 2250ಕ್ಕೆ 40 ಸೇರಿ 2290 ಮಿ.ಮೀ. ಆಗುತ್ತದೆ. ಗೋಡೆಯ ಎರಡು ಮೂರು ಕಡೆ ಹೀಗೆ ಅಳೆದು, ಬಂದ ಅಂಕಿಗಳಲ್ಲಿ ಅತಿ ಚಿಕ್ಕದನ್ನೇ ಲೆಕ್ಕಕ್ಕೆ ಹಿಡಿಯಬೇಕು; ಪಟ್ಟಿ ಮುರಿಯುವುದು ಸರಾಸರಿ ಬಾಗಿನಲ್ಲಲ್ಲ, ಅತಿ ಬಿಗಿಯಾದ ಬಾಗಿನಲ್ಲಿ.

ಒಣಗಿದ, ನೇರ ಎಳೆಯ, ಗಂಟಿಲ್ಲದ ಮರ ತನ್ನ ದಪ್ಪದ ಸುಮಾರು ನೂರರಷ್ಟು ತ್ರಿಜ್ಯಕ್ಕೆ ಯಾವ ಸಂಸ್ಕಾರವೂ ಇಲ್ಲದೆ ಬಾಗುತ್ತದೆ ಎಂಬುದು ಕೆಲಸಕ್ಕೆ ಬರುವ ಸ್ಥೂಲ ಅಂದಾಜು. 12 ಮಿ.ಮೀ. ದಪ್ಪಕ್ಕೆ 1200 ಮಿ.ಮೀ., 16 ಮಿ.ಮೀ. ದಪ್ಪಕ್ಕೆ 1600 ಮಿ.ಮೀ. ತ್ರಿಜ್ಯವೆಂದಾಯಿತು. ನಿಮ್ಮ ಗೋಡೆಯ ತ್ರಿಜ್ಯ ಇದಕ್ಕಿಂತ ಕಡಿಮೆಯಿದ್ದರೆ ಮುಂದೆ ಹೇಳುವ ದೋಷಗಳಲ್ಲಿ ಒಂದಾದರೂ ಬರುವುದನ್ನು ನಿರೀಕ್ಷಿಸಬಹುದು, ಪರಿಹಾರವೂ ಬೇರೆ ವಿಧಾನದಲ್ಲೇ ಇದೆ.

ಲಕ್ಷಣ: ಪಟ್ಟಿಗೂ ಗೋಡೆಗೂ ನಡುವೆ ಸಂದು ಉಳಿಯುತ್ತದೆ

ಸಂದು ಎಲ್ಲಿದೆ ನೋಡಿ. ಬಗ್ಗಿಸಿದ ಮರ ನೇರವಾಗಲು ಹವಣಿಸುವುದರಿಂದ, ಉಬ್ಬು ಗೋಡೆಯಲ್ಲಿ ಪಟ್ಟಿಯ ತುದಿಗಳು ಗೋಡೆ ಬಿಟ್ಟು ಬರುತ್ತವೆ, ತಗ್ಗು ಗೋಡೆಯಲ್ಲಿ ನಡುಭಾಗ ಬಿಟ್ಟು ಬರುತ್ತದೆ. ಸಂದು ಈ ಜಾಗಗಳಲ್ಲೇ ಇದ್ದರೆ ಕಾರಣ ಮರದ ಮರುಚಿಮ್ಮುವಿಕೆ. ಬೇರೆಲ್ಲೋ ಒಂದೆರಡು ಕಡೆ ತುಂಡುತುಂಡಾಗಿ ಇದ್ದರೆ ಕಾರಣ ಗೋಡೆಯ ಗಾರೆಯ ಉಬ್ಬುತಗ್ಗು.

ಎರಡನೆಯ ಪರೀಕ್ಷೆ ಅಂಗೈಯದು. ಸಂದಿರುವ ಕಡೆ ಒತ್ತಿದಾಗ ಪಟ್ಟಿ ಸುಲಭವಾಗಿ ಗೋಡೆಗೆ ಕೂತು, ಕೈ ತೆಗೆದಾಗ ಹಿಂದಕ್ಕೆ ಬಂದರೆ ಅಲ್ಲಿ ಹಿಡಿತ ಸಾಲದು ಎಂದರ್ಥ. ಮೈಭಾರ ಹಾಕಿ ಒತ್ತಿದರೂ ಕೂರದಿದ್ದರೆ ಪಕ್ಕದಲ್ಲಿ ಎಲ್ಲೋ ಗಾರೆಯ ಗುಪ್ಪೆ, ಗಟ್ಟಿಯಾದ ಅಂಟಿನ ಮುದ್ದೆ ಅಥವಾ ಹಳೆಯ ಮೊಳೆಯ ತಲೆ ಪಟ್ಟಿಯನ್ನು ಎತ್ತಿ ಹಿಡಿದಿದೆ. ಪಟ್ಟಿಯನ್ನು ಬಿಚ್ಚಿ, 3 ಮಿ.ಮೀ. ದಪ್ಪದ ಬಳುಕುವ ರೀಪನ್ನು ಗೋಡೆಗೆ ಒತ್ತಿ ಹಿಡಿದರೆ ಗುಪ್ಪೆಗಳ ಅಕ್ಕಪಕ್ಕದ ಸಂದು ಬೆಳಕಿನ ಗೆರೆಯಾಗಿ ಕಾಣುತ್ತದೆ. ಸ್ಕರ್ಟಿಂಗ್ ಮುಚ್ಚುವ ಎತ್ತರದೊಳಗೆ ಮಾತ್ರ ಅವುಗಳನ್ನು ಕೆರೆದು ತೆಗೆಯಬೇಕು. ತಗ್ಗುಗಳನ್ನು ತುಂಬುವ ಗೊಡವೆ ಬೇಡ. ಪಟ್ಟಿಯ ಹಿಂದೆ ಅವು ಕಾಣುವುದಿಲ್ಲ, ಮೇಲಂಚಿನಲ್ಲಿ ಉಳಿಯುವ ಒಂದೆರಡು ಮಿ.ಮೀ. ಸಂದನ್ನು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟ್ ಮುಚ್ಚುತ್ತದೆ.

ಮರುಚಿಮ್ಮುವಿಕೆಯೇ ಕಾರಣವಾದಾಗ ತಗ್ಗು ಗೋಡೆಗೆ ಒಂದು ಸುಲಭ ಉಪಾಯವಿದೆ. ಪಟ್ಟಿಯ ಎರಡೂ ತುದಿಗಳು ಗಟ್ಟಿಯಾದ ಮೂಲೆಗೆ ಅಥವಾ ಚೌಕಟ್ಟಿಗೆ ಒರಗುವಂತಿದ್ದರೆ, ಅದನ್ನು ಒಂದೆರಡು ಮಿ.ಮೀ. ಉದ್ದವಾಗಿಯೇ ಕೊಯ್ದು ತುದಿಗಳನ್ನು ಮೊದಲು ಸಿಕ್ಕಿಸಿ ಆಮೇಲೆ ನಡುವನ್ನು ಒಳಕ್ಕೆ ಒತ್ತಿದರೆ, ಮರದ ಒತ್ತಡವೇ ಪಟ್ಟಿಯನ್ನು ಗೋಡೆಗೆ ಅದುಮಿ ಹಿಡಿಯುತ್ತದೆ. ಉಬ್ಬು ಗೋಡೆಗೆ ಈ ಅನುಕೂಲವಿಲ್ಲ. ಅಲ್ಲಿ ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಹಿಡಿತ ಕೊಡುತ್ತ ಸಾಗಬೇಕು, ತುದಿಗಳಲ್ಲಿ ಮೊಳೆಗಿಂತ ಸ್ಕ್ರೂ ಬಳಸಬೇಕು.

ಲಕ್ಷಣ: ಕೂರಿಸಿದಾಗ ಸರಿಯಿತ್ತು, ಕೆಲವು ಗಂಟೆ ಅಥವಾ ದಿನಗಳ ನಂತರ ಕಿತ್ತು ಬಂತು

ಕಿತ್ತುಬಂದ ಪಟ್ಟಿಯ ಹಿಂಬದಿಯನ್ನು ನೋಡದೆ ಮತ್ತೆ ಹೊಡೆಯಬೇಡಿ. ಅಂಟಿನ ಮೇಲೆ ಗೋಡೆಯ ಬಣ್ಣದ ಪೊರೆ ಅಥವಾ ಗಾರೆಯ ಪುಡಿ ಅಂಟಿಕೊಂಡು ಬಂದಿದ್ದರೆ ಅಂಟು ಕೆಲಸ ಮಾಡಿದೆ, ಗೋಡೆಯ ಮೇಲ್ಮೈ ಸೋತಿದೆ. ಸಡಿಲ ಬಣ್ಣವನ್ನು ಕೆರೆದು ದೂಳು ಒರೆಸಿ ಮತ್ತೆ ಹಚ್ಚಬೇಕು. ಅಂಟಿನ ಮೇಲ್ಮೈ ನುಣುಪಾಗಿ ಹೊಳೆಯುತ್ತಿದ್ದರೆ ಅದು ಗೋಡೆಗೆ ತಾಗುವ ಮೊದಲೇ ಕೆನೆಗಟ್ಟಿತ್ತು ಅಥವಾ ಗೋಡೆಗೆ ತಾಗಲೇ ಇಲ್ಲ. ಅಂಟು ಹಿಗ್ಗಿ ದಾರದಂತೆ ಎಳೆದುಕೊಂಡಿದ್ದರೆ ಅದು ಗಟ್ಟಿಯಾಗುವ ಮೊದಲೇ ಆಸರೆಯನ್ನು ತೆಗೆಯಲಾಗಿದೆ. ಬಾಗಿದ ಪಟ್ಟಿಗೆ ಕನಿಷ್ಠ 24 ಗಂಟೆ ಆಸರೆ ಬೇಕು. ಎದುರು ಗೋಡೆಗೆ ಅಥವಾ ಭಾರವಾದ ವಸ್ತುವಿಗೆ ಒರಗಿಸಿದ ರೀಪುಗಳಿಂದ ಅದನ್ನು ಒತ್ತಿಹಿಡಿಯಬಹುದು.

ಮೊಳೆಗಳು ಹೊರಬಂದಿದ್ದರೆ ಅವು ಯಾವುದನ್ನು ಹಿಡಿದಿದ್ದವು ಎಂದು ಕೇಳಿಕೊಳ್ಳಬೇಕು. ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆ ಹೊದಿಸಿದ ಗೋಡೆಯಲ್ಲಿ ಹಲಗೆಗೆ ಮಾತ್ರ ಇಳಿದ ಮೊಳೆಗೆ ಹಿಡಿತವೇ ಇರುವುದಿಲ್ಲ. ಒಳಗಿನ ಕಂಬಗಳು ಎಲ್ಲಿವೆ ಎಂದು ಆಯಸ್ಕಾಂತವನ್ನು ಗೋಡೆಯ ಮೇಲೆ ಸರಿಸಿ, ಹಲಗೆಯ ಸ್ಕ್ರೂಗಳು ಅದನ್ನು ಎಳೆಯುವ ಸಾಲುಗಳಿಂದ ತಿಳಿಯಬಹುದು. ಅದಕ್ಕಿಂತ ಸುಲಭವಾದದ್ದು ನೆಲಕ್ಕೆ ತಾಗಿದಂತೆ ಚೌಕಟ್ಟಿನ ಉದ್ದಕ್ಕೂ ಓಡುವ ತಳಪಟ್ಟಿ. ನೆಲದಿಂದ 25 ಮಿ.ಮೀ. ಎತ್ತರದೊಳಗೆ ಹೊಡೆದರೆ ಮೊಳೆ ಸಾಮಾನ್ಯವಾಗಿ ಅದನ್ನು ಹಿಡಿಯುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಲ್ಲಿ ಉಕ್ಕಿನ ಮೊಳೆ ಗಾರೆಯನ್ನು ಒಡೆಯುವುದೇ ಹೆಚ್ಚು. ಅಲ್ಲಿ ರಂಧ್ರದೊಳಗೆ ಸ್ಕ್ರೂ ಹಿಡಿಯುವ ಪ್ಲಗ್ ಹಾಕಿ ಸ್ಕ್ರೂ ಬಿಗಿಯುವುದೇ ಸರಿ. ನೇರ ಗೋಡೆಯಲ್ಲಿ 400 ಮಿ.ಮೀ. ಅಂತರ ಸಾಕಾಗುವ ಕಡೆ ಬಾಗಿದ ಗೋಡೆಯಲ್ಲಿ 150ರಿಂದ 200 ಮಿ.ಮೀ.ಗೆ ಒಂದರಂತೆ ಸ್ಕ್ರೂ ಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಪಟ್ಟಿ ಬಿಟ್ಟುಬಂದರೆ ದೋಷ ಹಿಡಿತದ್ದಲ್ಲ. ಆ ದಪ್ಪದ ಪಟ್ಟಿ ಆ ತ್ರಿಜ್ಯಕ್ಕೆ ಹೊಂದುವುದಿಲ್ಲ. ಮುಂದೆ ಹೇಳುವ, ತೆಳುಪದರಗಳನ್ನು ಅಂಟಿಸುವ ವಿಧಾನಕ್ಕೆ ಹೋಗಬೇಕು.

ಲಕ್ಷಣ: ಬಾಗಿದ ಮುಖ ನುಣುಪಾಗಿಲ್ಲ, ಚಪ್ಪಟೆ ಪಟ್ಟೆಗಳು ಕಾಣುತ್ತವೆ

ಇದು ಸುಲಭವಾಗಿ ಬಾಗಲೆಂದು ಹಿಂಬದಿಯಲ್ಲಿ ಅಡ್ಡಲಾಗಿ ಗರಗಸದ ಸೀಳುಗಳನ್ನು ಹಾಕಿ ಬಗ್ಗಿಸಿದ ಪಟ್ಟಿಯ ದೋಷ. ಬಣ್ಣ ಬಳಿಯುವ ಮೊದಲು ಕಾಣದೆ, ಹೊಳಪಿನ ಬಣ್ಣ ಬಿದ್ದ ಮೇಲೆ ಎದ್ದು ಕಾಣುವುದರಿಂದ ಇದು ಹೆಚ್ಚು ನಷ್ಟ ತರುತ್ತದೆ. ದೀಪವನ್ನು ಪಟ್ಟಿಯ ಪಕ್ಕದಲ್ಲಿ ನೆಲದ ಮಟ್ಟಕ್ಕೆ ಇಟ್ಟು ನೋಡಿದರೆ ಬಣ್ಣಕ್ಕೆ ಮೊದಲೇ ಗೊತ್ತಾಗುತ್ತದೆ.

ಕಾರಣ ತಿಳಿಯಲು ಸಣ್ಣ ಲೆಕ್ಕ ಸಾಕು. 16 ಮಿ.ಮೀ. ದಪ್ಪದ ಪಟ್ಟಿಯಲ್ಲಿ ಮುಂಬದಿಗೆ 3 ಮಿ.ಮೀ. ಉಳಿಸಿ ಸೀಳು ಹಾಕಿ, 900 ಮಿ.ಮೀ. ತ್ರಿಜ್ಯದ ಉಬ್ಬು ಗೋಡೆಗೆ ಕಾಲುವೃತ್ತದಷ್ಟು ಬಗ್ಗಿಸಬೇಕೆಂದುಕೊಳ್ಳೋಣ. ಹಿಂಬದಿ ಮುಂಬದಿಗಿಂತ ಸುಮಾರು 23 ಮಿ.ಮೀ. ಕಿರಿದಾಗಬೇಕು. ಸೀಳಿನ ಅಗಲ 2 ಮಿ.ಮೀ. ಆದರೆ 12 ಸೀಳುಗಳು ಪೂರ್ತಿ ಮುಚ್ಚಿಕೊಂಡಾಗ ಬಾಗು ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಸೀಳಿನಿಂದ ಸೀಳಿಗೆ ಸುಮಾರು 118 ಮಿ.ಮೀ. ಅಂತರವಾಗಿ, ಪ್ರತಿ ತುಂಡೂ ನಿಜವಾದ ಬಾಗಿನಿಂದ ನಡುವಿನಲ್ಲಿ ಹತ್ತಿರ ಹತ್ತಿರ 2 ಮಿ.ಮೀ. ತಪ್ಪುತ್ತದೆ, ಅದು ದೂರದಿಂದಲೇ ಕಾಣುತ್ತದೆ. ಅಂತರವನ್ನು 50 ಮಿ.ಮೀ.ಗೆ ಇಳಿಸಿದರೆ ತಪ್ಪು 0.35 ಮಿ.ಮೀ., 20 ಮಿ.ಮೀ.ಗೆ ಇಳಿಸಿದರೆ 0.06 ಮಿ.ಮೀ. ಮಾತ್ರ. ಬಾಗಲು ಬೇಕಾದ ಸೀಳುಗಳು ಹನ್ನೆರಡು, ಕಣ್ಣಿಗೆ ನುಣುಪಾಗಿ ಕಾಣಲು ಬೇಕಾದವು ಸುಮಾರು ಎಪ್ಪತ್ತು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಪಟ್ಟೆಗಳ ರಹಸ್ಯ.

ಪಟ್ಟೆಗಳು ಆಗಲೇ ಬಿದ್ದಿದ್ದರೆ, ಪಟ್ಟಿ ಗಟ್ಟಿಯಾಗಿ ಕೂತಿದೆಯೆಂದು ಖಾತರಿ ಮಾಡಿಕೊಂಡು, ಉದ್ದನೆಯ ಬಳುಕುವ ಹಲಗೆಗೆ ಮರಳುಕಾಗದ ಅಂಟಿಸಿ ಏಣುಗಳನ್ನು ಉಜ್ಜಬಹುದು. ಆದರೆ ಮುಂಬದಿಗೆ ಉಳಿದಿರುವುದೇ 3 ಮಿ.ಮೀ.; ಅರ್ಧ ಮಿ.ಮೀ.ಗಿಂತ ಹೆಚ್ಚು ಉಜ್ಜಬೇಕಾಗುವಂತಿದ್ದರೆ ಹೊಸ ಪಟ್ಟಿ ಮಾಡುವುದೇ ಒಳ್ಳೆಯದು.

ಸೀಳುಗಳು ಮೇಲಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವುದು ಇದರ ಜೊತೆಗೇ ಬರುವ ದೂರು. ಮರದ ಪುಡಿ ಬೆರೆಸಿದ ಎಪಾಕ್ಸಿ ಅಂಟಿನಿಂದ ಅವುಗಳನ್ನು ತುಂಬಬಹುದು, ಅಥವಾ ಮೇಲೊಂದು ತೆಳು ಬೀಡಿಂಗ್ (ಅಂಚಿನ ಸಣ್ಣ ಮರದ ಪಟ್ಟಿ) ಕೂರಿಸಿ ಮುಚ್ಚಬಹುದು. ಸೀಳುಗಳಿಗೆ ಅಂಟು ತುಂಬಿ ಹಿಂಬದಿಗೆ ಬಟ್ಟೆಯ ಪಟ್ಟಿಯನ್ನೋ ವೆನಿರನ್ನೋ (ಮರದ ತೆಳು ಹಾಳೆ) ಅಂಟಿಸಿದರೆ ಬಾಗು ಅಲ್ಲೇ ನೆಲೆಯಾಗುತ್ತದೆ. ಮರದ ಎಳೆ ಕಾಣುವಂತೆ ಪಾಲಿಶ್ ಮಾಡಬೇಕಾದ ಪಟ್ಟಿಗೆ ಸೀಳಿನ ವಿಧಾನವನ್ನು ನಾನು ಶಿಫಾರಸು ಮಾಡುವುದಿಲ್ಲ.

ಲಕ್ಷಣ: ಬಗ್ಗಿಸುವಾಗ ಬಿರುಕು ಬಿಡುತ್ತದೆ ಅಥವಾ ಮುರಿಯುತ್ತದೆ

ಬಿರುಕಿನ ಆಕಾರವನ್ನು ಗಮನಿಸಿ. ಅದು ಉದ್ದಕ್ಕೆ ಓರೆಯಾಗಿ ಚಕ್ಕೆಯಂತೆ ಎದ್ದಿದ್ದರೆ ಮರದ ಎಳೆ ಪಟ್ಟಿಗೆ ಸಮಾನಾಂತರವಾಗಿರದೆ ಓರೆಯಾಗಿ ಹೊರಬಿದ್ದಿದೆ. ಬೇರೆ ಪಟ್ಟಿಯನ್ನೇ ಆರಿಸಬೇಕು. ಗಂಟಿನ ಬಳಿ ಮುರಿದಿದ್ದರೂ ಅಷ್ಟೇ. ಸೀಳು ಹಾಕಿದ ಪಟ್ಟಿಯಲ್ಲಿ ಉಬ್ಬು ಗೋಡೆಗೆ ಬಗ್ಗಿಸುವಾಗ ಸೀಳುಗಳು ಮುಚ್ಚಿ ಮುಂಬದಿ ಹಿಗ್ಗುತ್ತದೆ, ಬಿರುಕು ಮುಖದ ಮೇಲೇ ಕಾಣುತ್ತದೆ. ತಗ್ಗು ಗೋಡೆಗೆ ಬಗ್ಗಿಸುವಾಗ ಸೀಳುಗಳು ತೆರೆದುಕೊಂಡು, ಬಿರುಕು ಸೀಳಿನ ತಳದಲ್ಲಿ ಹುಟ್ಟಿ ಮುಖದ ಕಡೆಗೆ ಬರುತ್ತದೆ. ಮೊದಲಿಗೆ ಚಟ್ ಎಂಬ ಸದ್ದು ಮಾತ್ರ ಕೇಳುತ್ತದೆ. ಆ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲ ಬಿರುಕುಗಳೂ ಒಂದೇ ಸೀಳಿನಲ್ಲಿದ್ದರೆ ಆ ಸೀಳು ಉಳಿದವಕ್ಕಿಂತ ಆಳವಾಗಿದೆ ಎಂದರ್ಥ. ಅದನ್ನು ಅಳೆದು ನೋಡಿ.

ಹಬೆಯಲ್ಲಿ ಬೇಯಿಸಿ ಬಗ್ಗಿಸುವವರಿಗೆ ಮರದ ತೇವಾಂಶವೇ ಮುಖ್ಯ. ಬಿಸಿ ಗೂಡಿನಲ್ಲಿ ಒಣಗಿಸಿದ, 10 ಪ್ರತಿಶತಕ್ಕಿಂತ ಕಡಿಮೆ ತೇವಾಂಶದ ಮರ ಹಬೆಗೆ ಚೆನ್ನಾಗಿ ಮಣಿಯುವುದಿಲ್ಲ. ಗಾಳಿಯಲ್ಲಿ ಒಣಗಿ 15ರಿಂದ 25 ಪ್ರತಿಶತ ತೇವ ಉಳಿಸಿಕೊಂಡ ಓಕ್, ಆ್ಯಶ್, ಬೀಚ್‌ನಂಥ ಮರಗಳು ಮಣಿಯುತ್ತವೆ. ಪೈನ್‌ನಂಥ ಮೆದುಮರಗಳು ಹೆಚ್ಚಾಗಿ ನಿರಾಸೆ ಮಾಡುತ್ತವೆ. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಹಬೆ ಎಂಬುದು ರೂಢಿಯ ಲೆಕ್ಕ. ಹೊರತೆಗೆದ ಮೇಲೆ ಬಗ್ಗಿಸಲು ಸಿಗುವುದು ಒಂದು ನಿಮಿಷದಷ್ಟು ಸಮಯ, ತಡವಾದರೆ ಮುರಿಯುತ್ತದೆ. ಗೋಡೆಗಿಂತ ತುಸು ಬಿಗಿಯಾದ ಅಚ್ಚಿಗೆ ಕಟ್ಟಿ, ಪೂರ್ತಿ ಒಣಗುವವರೆಗೆ ಬಿಡಬೇಕು, ಏಕೆಂದರೆ ಬಿಟ್ಟಾಗ ಅದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಒದ್ದೆ ಓಕ್‌ಗೆ ಕಬ್ಬಿಣದ ಕ್ಲ್ಯಾಂಪ್ ತಾಗಿದರೆ ನೀಲಿಗಪ್ಪು ಕಲೆ ಮೂಡುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇಡಿ.

ಹಬೆಯ ಪೆಟ್ಟಿಗೆಯನ್ನು ಎಂದಿಗೂ ಗಾಳಿಯಾಡದಂತೆ ಮುಚ್ಚಬಾರದು. ಹಬೆ ಹೊರಹೋಗಲು ಕಿಂಡಿಯೂ ನೀರು ಇಳಿಯಲು ತೂತೂ ಇರಲೇಬೇಕು, ಇಲ್ಲವಾದರೆ ಒತ್ತಡದಿಂದ ಸಿಡಿಯುತ್ತದೆ. ಎಂಡಿಎಫ್ ಪಟ್ಟಿಯನ್ನು ಹಬೆಗಾಗಲಿ ನೀರಿಗಾಗಲಿ ಒಡ್ಡಬೇಡಿ. ಅದು ಬಾಗುವುದಿಲ್ಲ, ಊದಿಕೊಳ್ಳುತ್ತದೆ.

ಬಿಗಿಯಾದ ಬಾಗಿಗೆ ನಂಬಬಹುದಾದ ದಾರಿ ತೆಳುಪದರಗಳದು. 3 ಮಿ.ಮೀ. ಪದರ 300 ಮಿ.ಮೀ. ತ್ರಿಜ್ಯಕ್ಕೂ ತಣ್ಣಗೇ ಬಾಗುತ್ತದೆ. ಅಂಥ ಪದರಗಳನ್ನು ಅಂಟು ಹಚ್ಚಿ ಅಚ್ಚಿಗೆ ಒತ್ತಿಹಿಡಿದರೆ ಒಣಗಿದ ಮೇಲೆ ಆಕಾರ ಉಳಿಯುತ್ತದೆ. ಮರುಚಿಮ್ಮುವಿಕೆ ಪದರಗಳ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ: ಎರಡು ಪದರವಾದರೆ ಬಾಗಿನ ಕಾಲುಭಾಗ ಹಿಂದಕ್ಕೆ ಹೋದೀತು, ನಾಲ್ಕಾದರೆ ಹದಿನಾರನೆಯ ಒಂದು ಭಾಗ ಮಾತ್ರ. ಬಿಳಿ ಅಂಟು ಸದಾ ಒತ್ತಡದಲ್ಲಿದ್ದರೆ ನಿಧಾನವಾಗಿ ಜಾರುತ್ತದೆ. ಗಟ್ಟಿಯಾಗಿ ನಿಲ್ಲುವ ಎಪಾಕ್ಸಿ ಅಥವಾ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇಲ್ಲಿ ಮೇಲು. ಎರಡನೆಯದನ್ನು ಗಾಳಿಯಾಡುವ ಜಾಗದಲ್ಲೇ ಬಳಸಬೇಕು.

ಲಕ್ಷಣ: ಪಟ್ಟಿ ನೆಲದಿಂದ ಮೇಲೇಳುತ್ತದೆ, ಅಥವಾ ಮೇಲಂಚು ಗೋಡೆ ಬಿಡುತ್ತದೆ

ನೆಲ ಸಮತಟ್ಟಾಗಿದೆಯೇ ಎಂದು ಮೊದಲು ರಸಮಟ್ಟ ಇಟ್ಟು ನೋಡಿ. ನೆಲದ್ದೇ ದೋಷವಾದರೆ ಪಟ್ಟಿಯನ್ನು ಒಣದಾಗಿ ಇಟ್ಟು, ಕೈವಾರದಿಂದ ನೆಲದ ಏರಿಳಿತವನ್ನು ಕೆಳಗಿನ ಅಂಚಿನ ಮೇಲೆ ಗೀಚಿ, ಗೆರೆಯವರೆಗೆ ಕೆತ್ತಿದರೆ ಮುಗಿಯಿತು.

ನೆಲ ಸರಿಯಿದ್ದೂ ಪಟ್ಟಿ ಏಳುತ್ತಿದ್ದರೆ ಗೋಡೆ ವಾಲಿದೆ. ನೇರ ಗೋಡೆ ತುಸು ವಾಲಿದರೆ ಸ್ಕರ್ಟಿಂಗಿಗೆ ಬಾಧೆಯಿಲ್ಲ, ಆದರೆ ಬಾಗಿದ ಗೋಡೆ ವಾಲಿದಾಗ ಅದು ಸಿಲಿಂಡರಿನ ಬದಲು ಶಂಕುವಿನ ತುಂಡಾಗುತ್ತದೆ, ಶಂಕುವಿನ ಸುತ್ತ ಅಡ್ಡಲಾಗಿ ಸುತ್ತಬೇಕಾದ ಪಟ್ಟಿ ಬಿಚ್ಚಿದಾಗ ನೇರವಾಗಿರದೆ ಕಮಾನಿನಂತೆ ಇರಬೇಕಾಗುತ್ತದೆ. ಗೋಡೆಯ ತ್ರಿಜ್ಯ ಮೇಲಕ್ಕೆ ಹೋದಂತೆ ಕಿರಿದಾಗುತ್ತಿದ್ದರೆ ಪಟ್ಟಿಯ ನಡು ಏಳುತ್ತದೆ. ಹಿರಿದಾಗುತ್ತಿದ್ದರೆ ತುದಿಗಳು ಏಳುತ್ತವೆ. 1000 ಮಿ.ಮೀ. ತ್ರಿಜ್ಯದ ಕಾಲುವೃತ್ತದ ಗೋಡೆ ಮೀಟರಿಗೆ 5 ಮಿ.ಮೀ. ವಾಲಿದರೆ ಈ ಏಳುವಿಕೆ ಸುಮಾರು 1.5 ಮಿ.ಮೀ. ಆದರೆ ಲೆಕ್ಕಕ್ಕೆ ಬರುವುದು ಇಡೀ ಗೋಡೆಯ ವಾಲಿಕೆಯಲ್ಲ, ಪಟ್ಟಿ ಕೂರುವ ಬುಡದ ಭಾಗದ್ದು. ಅಲ್ಲಿ ಗಾರೆ 100 ಮಿ.ಮೀ. ಎತ್ತರದಲ್ಲಿ 2 ಮಿ.ಮೀ. ಮುಂದಕ್ಕೆ ಚಾಚಿಕೊಂಡಿದ್ದರೂ ಏಳುವಿಕೆ 6 ಮಿ.ಮೀ. ದಾಟುತ್ತದೆ. ಚಿಕ್ಕ ಮೂಲೆಮಟ್ಟವನ್ನು ನೆಲದ ಮೇಲಿಟ್ಟು ಗೋಡೆಗೆ ತಾಗಿಸಿದರೆ ಇದು ತಿಳಿಯುತ್ತದೆ. ಚಾಚಿದ ಗಾರೆಯನ್ನು ಕೆರೆಯುವುದು ಅಗ್ಗದ ಪರಿಹಾರ, ಕೆಳಂಚನ್ನು ಗೀಚಿ ಕೆತ್ತುವುದು ಎರಡನೆಯದು.

ನೆಲವೂ ಗೋಡೆಯೂ ಸರಿಯಿದ್ದು ಮೇಲಂಚು ಮಾತ್ರ ಬಿಡುತ್ತಿದ್ದರೆ ಪಟ್ಟಿಯ ಆಕಾರವನ್ನು ಶಂಕಿಸಬೇಕು. ಬುಡದಲ್ಲಿ ದಪ್ಪವಾಗಿ ಮೇಲೆ ತೆಳುವಾಗುವ ಅಲಂಕಾರದ ಪಟ್ಟಿ ಎತ್ತರದುದ್ದಕ್ಕೂ ಒಂದೇ ಸಮನೆ ಬಾಗದೆ ತಿರುಚಿಕೊಳ್ಳುತ್ತದೆ. ಚಪ್ಪಟೆಯ ತೆಳು ಹಲಗೆ, ಅದರ ಮೇಲೆ ಸಣ್ಣ ಬೀಡಿಂಗ್, ಬುಡಕ್ಕೆ ಕಾಲುದುಂಡು ಪಟ್ಟಿ ಹೀಗೆ ಮೂರು ತುಂಡುಗಳಾಗಿ ಕೂರಿಸಿದರೆ ಪ್ರತಿಯೊಂದೂ ತನ್ನಷ್ಟಕ್ಕೆ ಬಾಗುತ್ತದೆ. ಎತ್ತರದ ಸ್ಕರ್ಟಿಂಗಿಗೆ ನಾನು ಮೊದಲಿನಿಂದಲೇ ಈ ದಾರಿಯನ್ನು ಹಿಡಿಯುವಂತೆ ಹೇಳುತ್ತೇನೆ.

ಲಕ್ಷಣ: ಜೋಡಣೆ ಬಾಯಿಬಿಡುತ್ತದೆ

ಮರ ಕುಗ್ಗಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಮರ ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಹಸಿಯಿಂದ ಪೂರ್ತಿ ಒಣಗುವವರೆಗೂ ಸಾಮಾನ್ಯವಾಗಿ 0.1ರಿಂದ 0.2 ಪ್ರತಿಶತ. ಒಣಗಿದ ಪಟ್ಟಿಯಲ್ಲಿ ಋತುಮಾನದಿಂದ ಕಾಣುವಷ್ಟು ಸಂದು ಬೀಳುವುದಿಲ್ಲ. ಬಾಗಿನಲ್ಲಿ ಜೋಡಣೆ ತೆರೆದುಕೊಂಡಿದ್ದರೆ ತುದಿ ಚಿಮ್ಮಿ ನೇರವಾಗಿದೆ. ಪಟ್ಟಿಯ ಕೊನೆಯ ಗೇಣಿಗೆ ಬಗ್ಗಲು ಸನ್ನೆಬಲವೇ ಸಿಗುವುದಿಲ್ಲ. ಆದ್ದರಿಂದ ಎರಡೂ ಕಡೆ 150ರಿಂದ 200 ಮಿ.ಮೀ. ಹೆಚ್ಚುವರಿ ಬಿಟ್ಟು ಬಗ್ಗಿಸಿ, ಆಮೇಲೆ ಕೊಯ್ದು, ಜೋಡಣೆಯನ್ನು ಗೋಡೆ ನೇರವಾಗುವ ಭಾಗದಲ್ಲಿ ಓರೆಗೊಯ್ಲಿನಿಂದ ಅಂಟು ಹಾಕಿ ಮಾಡಬೇಕು. ಎಂಡಿಎಫ್‌ಗೆ ಈ ಮಾತು ಅನ್ವಯಿಸುವುದಿಲ್ಲ, ಅದು ಉದ್ದಕ್ಕೂ ಹಿಗ್ಗಿ ಕುಗ್ಗುತ್ತದೆ. ಯಾವ ಪಟ್ಟಿಯಾದರೂ ಕೂರಿಸುವ ಕೋಣೆಯಲ್ಲೇ ಎರಡು ಮೂರು ದಿನ ಇಟ್ಟಿರಬೇಕು.

ನಿಲ್ಲಿಸಿ ತಿಳಿದವರನ್ನು ಕರೆಯಬೇಕಾದ ಸಂದರ್ಭಗಳು

ಬಿಚ್ಚಿದ ಪಟ್ಟಿಯ ಹಿಂದೆ ಕಪ್ಪು ಬೂಷ್ಟು, ಉಪ್ಪಿನಂಥ ಬಿಳಿ ಪುಡಿ ಅಥವಾ ಒದ್ದೆ ಗಾರೆ ಕಂಡರೆ ನೀರಿನ ಮೂಲ ಪತ್ತೆಯಾಗುವವರೆಗೆ ಹೊಸ ಮರ ಹಾಕಬೇಡಿ. ಗೆದ್ದಲಿನ ಮಣ್ಣುಗೂಡು ಕಂಡರೂ ಹಾಗೆಯೇ. ಬೆರಳಿನಿಂದ ತಟ್ಟಿದಾಗ ಗಾರೆ ಟೊಳ್ಳು ಸದ್ದು ಕೊಟ್ಟರೆ ಮೊದಲು ಗಾರೆಯವರ ಕೆಲಸ. ಕೊರೆಯುವಾಗ ತಂತಿಗೆ ತಾಗಿದ ಅನುಮಾನವಿದ್ದರೆ ಯಂತ್ರವನ್ನು ಮತ್ತೆ ಚಾಲೂ ಮಾಡದೆ, ಮುಖ್ಯ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಸುರುಳಿ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಪಟ್ಟಿ ಬಾಗುತ್ತಲೇ ಮೇಲೇರಬೇಕು, ತಿರುಚಿಕೊಳ್ಳಲೂ ಬೇಕು, 300 ಮಿ.ಮೀ.ಗಿಂತ ಕಡಿಮೆ ತ್ರಿಜ್ಯದ, ಪಾಲಿಶ್ ಮಾಡುವ ಪಟ್ಟಿಯೂ ಕಠಿಣವೇ. ಇವೆರಡನ್ನೂ ಅಚ್ಚು ಮಾಡಿ ಪದರ ಅಂಟಿಸುವ ಅನುಭವವಿರುವ ಬಡಗಿಗೆ ಒಪ್ಪಿಸುವುದು ಸೂಕ್ತ. ಅವರ ಬಳಿ ಹೋಗುವಾಗ ತ್ರಿಜ್ಯದ ಅಂಕಿಯೊಂದನ್ನೇ ಹೇಳದೆ, ದಪ್ಪ ರಟ್ಟು ಅಥವಾ ತೆಳು ಪ್ಲೈವುಡ್ ಹಾಳೆಯನ್ನು ನೆಲದ ಮೇಲಿಟ್ಟು ಗೋಡೆಯ ಬಾಗನ್ನು ಗೀಚಿ ಕತ್ತರಿಸಿದ ಮಾದರಿಯನ್ನು ಒಯ್ಯಿರಿ. ಮಾದರಿಯ ಮೇಲೆ ಗೋಡೆಯ ಬದಿ ಯಾವುದು, ಕೋಣೆಯ ಬದಿ ಯಾವುದು, ಬಾಗು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಬುಡದ 100 ಮಿ.ಮೀ.ನಲ್ಲಿ ಗೋಡೆ ಎಷ್ಟು ವಾಲಿದೆ, ಪಟ್ಟಿಗೆ ಬಣ್ಣವೋ ಪಾಲಿಶೋ ಎಂಬುದನ್ನು ಬರೆದಿಡಿ.